ಆಟದ ಪೆಟ್ಟಿಗೆಯ ದೋಷಶೋಧನೆ

ನಮ್ಮ ಮಲೆಬೆನ್ನೂರಿನ ಬಸ್ ನಿಲ್ದಾಣಕ್ಕೆ ಅನತಿದೂರದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಅಂಗಡಿಯಿದೆ. ಪಂಪ್‌ಸೆಟ್ಟಿನ ಸ್ಟಾರ್ಟರು, ಮಿಕ್ಸಿ, ಟೀವಿ ಮೊದಲಾದುವನ್ನು ದುರಸ್ತಿ ಮಾಡುವುದು ಅವನ ವೃತ್ತಿ. ಸಾಯಂಕಾಲ ತಿರುಗಾಡಿ ಬರುವಾಗ ನಾವು ಅಲ್ಲಿ ಅರೆಗಳಿಗೆ ಕುಳಿತುಬರುವುದುಂಟು. ಹೋದ ತಿಂಗಳು ಹೀಗೆ ಕುಳಿತಿದ್ದಾಗ ವೃದ್ಧರೊಬ್ಬರು ಹಳೆಯ ಪಂಚೆಯಲ್ಲಿ ಸುತ್ತಿದ ಗಂಟೊಂದನ್ನು ತಂದು ಮೇಜಿನ ಮೇಲಿಟ್ಟರು. ಬಿಚ್ಚಿ ನೋಡಲಾಗಿ, ಮೊಳಕ್ಕೆ ತುಸು ಕಡಮೆ ಉದ್ದದ ಹಸಿರು ಬೋರ್ಡು. ಅದರ ಮೇಲೆ ಸಾಲುಹಿಡಿದು ನಾಟಿಮಾಡಿದ ಸಸಿಗಳಂತೆ ಹತ್ತಾರು ಕಪ್ಪು ಚಿಪ್‌ಗಳು.

ನಾಣ್ಯ ಹಾಕಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆಯ ಹೃದಯವೇ ಅದು. ಜಪಾನಿನ ತೈತೋ ಸಂಸ್ಥೆಯವರು 1978ರಲ್ಲಿ ‘ಸ್ಪೇಸ್ ಇನ್ವೇಡರ್ಸ್’ ಎಂಬುದನ್ನೂ, ನಾಮ್ಕೋ ಸಂಸ್ಥೆಯವರು 1980ರಲ್ಲಿ ‘ಪ್ಯಾಕ್‌ಮ್ಯಾನ್’ ಎಂಬುದನ್ನೂ ಹೊರತಂದ ಮೇಲೆ ಇಂತಹ ಪೆಟ್ಟಿಗೆಗಳು ಲೋಕವನ್ನೆಲ್ಲ ಸುತ್ತಿದುವು. 1985ರಲ್ಲಿ ಆ ದೇಶದ ತಯಾರಕರು ಐವತ್ತಾರು ಸಂಪರ್ಕಗಳುಳ್ಳ ಒಂದೇ ಬಗೆಯ ಜೋಡಣೆಯನ್ನು ಗೊತ್ತುಪಡಿಸಿಕೊಂಡದ್ದರಿಂದ, ಪೆಟ್ಟಿಗೆಯನ್ನು ಬದಲಿಸದೆ ಬೋರ್ಡನ್ನು ಮಾತ್ರ ಬದಲಿಸಿ ಹೊಸ ಆಟವನ್ನು ಕೂಡಿಸುವುದು ಸಾಧ್ಯವಾಯಿತು. ನಮ್ಮ ವೃದ್ಧರ ಪೆಟ್ಟಿಗೆಯೂ ಈ ಪದ್ಧತಿಯದೇ. ಉಕ್ಕಡಗಾತ್ರಿಯ ಜಾತ್ರೆಯಿಂದ ಹಿಡಿದು ಸುತ್ತಣ ಎಲ್ಲ ಜಾತ್ರೆಗಳಿಗೂ ಅದನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ ಅವರು ಸಂಸಾರ ಸಾಗಿಸಿದವರು.

“ಮೊಮ್ಮಗಳು ರಜೆಗೆ ಬಂದಾಳೆ, ತಮ್ಮಾ. ನಾನು ಏನು ಮಾಡಿ ಅವರಪ್ಪನ್ನ ಓದಿಸಿದೆ ಅಂತ ಆಕೆಗೆ ತೋರಿಸಬೇಕು” ಎಂದರು.

ಬೋರ್ಡಿಗೆ ವಿದ್ಯುತ್ತನ್ನು ಕೊಟ್ಟೊಡನೆ ಪೆಟ್ಟಿಗೆ ಸ್ತಬ್ಧವಾಗುತ್ತಿತ್ತು. ಹಿಂದೆ ಪಟ್ಟಣದ ಮೆಕಾನಿಕ್ ಒಬ್ಬನು ಇದನ್ನು ತಿಂಗಳುಗಟ್ಟಲೆ ಇಟ್ಟುಕೊಂಡಿದ್ದು, “ಒಳಗೆ ಶಾರ್ಟ್ ಆಗಿದೆ. ಜೋರಾಗಿ ಕರೆಂಟು ಹರಿಸಿದರೆ ಕೆಟ್ಟದ್ದು ಸುಟ್ಟು ತಾನೇ ಕಾಣಿಸುತ್ತದೆ, ಇಲ್ಲವಾದರೆ ಗುಜರಿಗೆ ಹಾಕಿರಿ” ಎಂದು ಹೇಳಿ ಹಿಂದಿರುಗಿಸಿದ್ದನಂತೆ. ನಮ್ಮ ಶಿಷ್ಯನು ಇದನ್ನು ಕೇಳಿ ತಲೆಯಲ್ಲಾಡಿಸಿದನು. ಈ ಚಿಪ್‌ಗಳೆಲ್ಲ ಐದು ವೋಲ್ಟಿನಲ್ಲಿ ನಡೆಯತಕ್ಕವು. ಆಟವನ್ನೇ ಹೊತ್ತ ಕೆಲವಂತೂ ಈಗ ಎಲ್ಲಿಯೂ ತಯಾರಾಗುವುದಿಲ್ಲ. ಒಬ್ಬ ಕಳ್ಳನನ್ನು ಹಿಡಿಯಲು ಊರಿಗೇ ಬೆಂಕಿಯಿಡುವ ಉಪಾಯವದು.

ಇಲ್ಲಿ ನಮ್ಮ ಗೃಹಿಣಿಯರಿಗಾಗಿ ಎರಡು ಮಾತು. ವಿದ್ಯುತ್ತು ಬರುವ ದಾರಿ ಒಂದು, ಹಿಂದಿರುಗುವ ದಾರಿ ಇನ್ನೊಂದು. ನಡುವೆ ಕೆಲಸ ಮಾಡುವ ಭಾಗಗಳ ಮೂಲಕವಲ್ಲದೆ ಇವೆರಡೂ ನೇರವಾಗಿ ಕೂಡಬಾರದು. ಕೂಡಿದರೆ ಅದೇ ಶಾರ್ಟ್. ಪ್ರತಿಯೊಂದು ಚಿಪ್ಪಿನ ಪಕ್ಕದಲ್ಲಿಯೂ, ಊಟಕ್ಕೆ ಕುಳಿತವರ ಎಡಗಡೆಗೆ ನೀರಿನ ಲೋಟವಿಡುವಂತೆ, ಕೆಪಾಸಿಟರ್ ಎಂಬ ಪುಟ್ಟ ಬಿಲ್ಲೆಯೊಂದನ್ನು ಇಟ್ಟಿರುತ್ತಾರೆ. ಚಿಪ್ಪಿಗೆ ಥಟ್ಟನೆ ವಿದ್ಯುತ್ತು ಬೇಕಾದಾಗ ಅದು ಒದಗಿಸುತ್ತದೆ. ಈ ಬಿಲ್ಲೆಗಳೆಲ್ಲವೂ ಅದೇ ಎರಡು ದಾರಿಗಳ ನಡುವೆ ಇರುವುದರಿಂದ, ಒಂದು ಒಳಗೊಳಗೇ ಕೂಡಿಕೊಂಡರೆ ಮೀಟರಿಗೆ ಎಲ್ಲವೂ ಕೂಡಿಕೊಂಡಂತೆಯೇ ಕಾಣುತ್ತವೆ. ಅನ್ನ ಬೆಂದಿತೇ ಎಂದು ಒಂದು ಅಗುಳನ್ನು ಹಿಸುಕಿ ತಿಳಿಯುವ ಸ್ಥಾಲೀಪುಲಾಕನ್ಯಾಯವನ್ನು ನಾವು ಮೂವತ್ತು ವರ್ಷ ಪಾಠ ಹೇಳಿದವರು. ಅದು ಇಲ್ಲಿ ಕೆಲಸಕ್ಕೆ ಬಾರದೆ ಹೋಯಿತು. ಯಾವ ಅಗುಳನ್ನು ಹಿಸುಕಿದರೂ ಮೀಟರು ಅರ್ಧ ಓಮ್ ಎಂದೇ ತೋರಿಸುತ್ತಿತ್ತು. ಅದರಲ್ಲಿ ಮೀಟರಿನ ತಂತಿಗಳ ಪಾಲೇ 0.2 ಓಮ್.

ಮೊದಲು ಭೂತಗನ್ನಡಿಯಿಂದ ಇಡೀ ಬೋರ್ಡನ್ನು ನೋಡಿದೆವು. ಬೆಸುಗೆಯ ತುಣುಕಾಗಲಿ, ಜಿರಲೆಯ ಹೊಲಸಾಗಲಿ ದಾರಿಗಳನ್ನು ಕೂಡಿಸಿರಲಿಲ್ಲ. ಅನಂತರ ಅವನು, ವಿದ್ಯುತ್ತು ಒಳಬರುವ ಕಡೆ ಇದ್ದ ಹನಿಯಾಕಾರದ ಟ್ಯಾಂಟಲಮ್ ಕೆಪಾಸಿಟರಿನ ಮೇಲೆ ಕೈಯಿಟ್ಟನು. ಆ ಜಾತಿಯ ಒಳಗಿನ ತೆಳುಪೊರೆ ಒಡೆದರೆ ಅದು ಶಾರ್ಟ್ ಆಗುವುದೆಂದು ಕಸುಬಿನವರಲ್ಲಿ ಅದಕ್ಕೆ ಅಪಕೀರ್ತಿ. “ಇವನೇ ಇರಬೇಕು, ಗುರುಗಳೇ” ಎನ್ನುತ್ತ ಬಿಸಿಕಡ್ಡಿಯಿಂದ ಬೆಸುಗೆ ಕರಗಿಸಿ ತೆಗೆದನು. ಮೀಟರು ಮೊದಲಿನಂತೆಯೇ ಅರ್ಧ ಓಮ್. ಬಿಡಿಯಾಗಿ ಪರೀಕ್ಷಿಸಿದರೆ ಆ ಹನಿಯಲ್ಲಿ ಯಾವ ದೋಷವೂ ಇರಲಿಲ್ಲ. “ಪಾಪ, ಇದರದೇನೂ ತಪ್ಪಿಲ್ಲ” ಎಂದು ಮತ್ತೆ ಸ್ವಸ್ಥಾನದಲ್ಲಿ ಕೂರಿಸಿದನು.

ನಮಗೆ ಕುಳಿತಲ್ಲಿಯೇ ಮೈ ಬೆವರಿತು. ವಾಚಕರಲ್ಲಿ ಮುಚ್ಚಿಡುವುದೇಕೆ? 1995ರ ಸುಮಾರಿಗೆ ನಮ್ಮ ತರಗತಿಯಲ್ಲಿ ಕೂಡಿಸಿದ್ದ ಪರೀಕ್ಷಾಶುಲ್ಕ ಒಂದು ದಿನ ಕಾಣೆಯಾಯಿತು. ಹಿಂದಿನ ದಿನ ಜಾತ್ರೆಯಲ್ಲಿ, ಬಹುಶಃ ಇದೇ ಪೆಟ್ಟಿಗೆಯ ಮುಂದೆ, ಇವನು ನಿಂತಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೆವು. ಆಟದ ಹುಚ್ಚಿನ ಹುಡುಗನೆಂಬ ಒಂದೇ ಆಧಾರದ ಮೇಲೆ ಎಲ್ಲರೆದುರು ಬೆತ್ತದಿಂದ ಹೊಡೆದೆವು. ನಾಲ್ಕು ದಿನಗಳ ಮೇಲೆ ಆ ಹಣ ನಮ್ಮ ಹಾಜರಿ ಪುಸ್ತಕದ ರಟ್ಟಿನ ಸಂದಿನಲ್ಲಿಯೇ ಸಿಕ್ಕಿತು. ಆ ಸಂಗತಿಯನ್ನು ನಾವು ತರಗತಿಗೆ ತಿಳಿಸಲಿಲ್ಲ, ಅವನಿಗೂ ಹೇಳಲಿಲ್ಲ.

ಆ ಸಂಜೆ ಹೇಳಿದೆವು. ಅವನು ಬಿಸಿಕಡ್ಡಿಯನ್ನು ಒರೆಸುತ್ತ, “ಸಿಕ್ಕಿದ್ದು ನನಗೆ ಆಗಲೇ ಗೊತ್ತಿತ್ತು, ಗುರುಗಳೇ. ಫೀಸು ಕಟ್ಟಿದ ರಸೀದಿ ಎಲ್ಲರಿಗೂ ಕೊಟ್ಟಿರಲ್ಲ” ಎಂದನು. ಸ್ವಲ್ಪ ಹೊತ್ತು ಸುಮ್ಮನಿದ್ದು, “ದೀಪ ಈ ಕಡೆಗೆ ಹಿಡೀರಿ” ಎಂದನು. ಹಿಡಿದೆವು.

ಮುಂದೆ ಅವನು ಹಿಡಿದ ದಾರಿಯನ್ನು ಭದ್ರಾ ನಾಲೆಯ ಕೊನೆಭಾಗದವರಾದ ನಮ್ಮೂರವರಿಗೆ ವಿವರಿಸಬೇಕಾದುದಿಲ್ಲ. ನಾಲೆ ನಡುವೆ ಎಲ್ಲೋ ಒಡೆದರೆ, ಒಡೆದ ಸ್ಥಳದವರೆಗೆ ನೀರು ಓಡುತ್ತಿರುತ್ತದೆ. ಆಚೆಗೆ ಉಳಿದ ನೀರು ನಿಂತಿರುತ್ತದೆ. ದಂಡೆಯ ಮೇಲೆ ನಡೆದು ಓಟ ಎಲ್ಲಿ ನಿಂತಿತೆಂದು ನೋಡಿದರೆ ಸಾಕು. ತಾಮ್ರದ ದಾರಿಗೂ ಅತ್ಯಲ್ಪವಾದ ತಡೆಯುಂಟು. ಆದ್ದರಿಂದ ಅದರಲ್ಲಿ ವಿದ್ಯುತ್ತು ಹರಿಯುವಷ್ಟು ದೂರ ವೋಲ್ಟೇಜು ಕೂದಲೆಳೆಯಷ್ಟು ಇಳಿಯುತ್ತ ಹೋಗುತ್ತದೆ. ಹರಿಯದ ಕಡೆ ಇಳಿಯುವುದಿಲ್ಲ. ಅವನು ಬೋರ್ಡಿಗೆ ಒಂದೂವರೆ ಆಂಪಿಯರ್ ಮೀರದಂತೆ, ವೋಲ್ಟೇಜು ಒಂದಕ್ಕೆ ಏರದಂತೆ ಕಟ್ಟುಹಾಕಿ ವಿದ್ಯುತ್ತನ್ನು ಕೊಟ್ಟನು. ಅಷ್ಟು ಅಲ್ಪಕ್ಕೆ ಚಿಪ್‌ಗಳು ಎಚ್ಚರಗೊಳ್ಳುವುದೂ ಇಲ್ಲ, ಕೆಡುವುದೂ ಇಲ್ಲ. ಮೀಟರನ್ನು ಮಿಲಿವೋಲ್ಟಿಗೆ ತಿರುಗಿಸಿ, ಒಂದು ಕಡ್ಡಿಯನ್ನು ಹಿಂದಿರುಗುವ ದಾರಿಯ ಮೇಲೆ ನಿಲ್ಲಿಸಿ, ಇನ್ನೊಂದನ್ನು ಸಾಲುಸಾಲಾಗಿ ಮುಟ್ಟಿಸುತ್ತ ಹೋದನು. ನಾವು ಬರೆದುಕೊಂಡೆವು. 471, 466, 460, 455. ಅಲ್ಲಿಂದ ಮುಂದೆ ಬೋರ್ಡಿನ ಕೊನೆಯವರೆಗೂ 455.

ನಾಲ್ಕನೆಯ ಸಾಲಿನಲ್ಲಿ ಬಿಲ್ಲೆಗಳು ಆರು. ಅವನು ವಿದ್ಯುತ್ತನ್ನು ನಿಲ್ಲಿಸಿ, ಕುಂಚದಿಂದ ಅವುಗಳ ಮೇಲೆ ತೆಳುವಾಗಿ ಸ್ಪಿರಿಟ್ಟನ್ನು ಸವರಿ, ಬಿಸಿಕಡ್ಡಿಯನ್ನು ದೂರ ಸರಿಸಿ, ಪುನಃ ವಿದ್ಯುತ್ತನ್ನು ಕೊಟ್ಟನು. ಶಾರ್ಟ್ ಆದ ಬಿಲ್ಲೆ ಬಿಸಿಯೇರಬೇಕು. ಬಿಸಿಯಾದದ್ದು ಬೇಗ ಒಣಗಬೇಕು. ಬೆರಳಿನ ಉಗುರಿಗಿಂತ ಚಿಕ್ಕದಾದ, ಯಾರೂ ಸಂಶಯಿಸದಿದ್ದ ಕಂದುಬಣ್ಣದ ಬಿಲ್ಲೆಯೊಂದು ಉಳಿದೈದು ಮಿನುಗುತ್ತಿರುವಾಗಲೇ ಮಾಸಿತು. ಅದರ ಒಂದು ಕಾಲನ್ನು ಬಿಡಿಸಿದೊಡನೆ ಮೀಟರು ನೂರು ಓಮ್ ದಾಟಿತು. ಮತ್ತೆ ತಾಗಿಸಿದರೆ ಅರ್ಧ. ಬಿಡಿಸಿದರೆ ಮತ್ತೆ ನೂರು. ಅದಿರುವಾಗ ದೋಷವಿದೆ, ಅದಿಲ್ಲದಾಗ ದೋಷವಿಲ್ಲ. ಅನ್ವಯವ್ಯತಿರೇಕಗಳನ್ನು ಇಷ್ಟು ನಿಚ್ಚಳವಾಗಿ ನಾವು ಯಾವ ಗ್ರಂಥದಲ್ಲಿಯೂ ಕಂಡಿರಲಿಲ್ಲ. ಮೊದಲು ಬೆತ್ತ ಹಿಡಿದು ಆಮೇಲೆ ಹೇತುವನ್ನು ಹುಡುಕಿದವರು ಅದನ್ನು ಪಾಠ ಹೇಳುತ್ತಿದ್ದೆವೆಂಬುದೂ ನೆನಪಾಯಿತು.

ಅಂಗಡಿಯಲ್ಲಿದ್ದ ಹೊಸ ಬಿಲ್ಲೆಗೆ ಹಿಡಿದ ಬೆಲೆ ಒಂದು ಲೋಟ ಚಹಕ್ಕಿಂತ ಕಡಮೆ.

ಭಾನುವಾರ ವೃದ್ಧರ ಮನೆಯಲ್ಲಿ ಬೋರ್ಡನ್ನು ಪೆಟ್ಟಿಗೆಗೆ ಕೂಡಿಸಿದರು. ಓದಿದವರಾರೂ ಇಂತಹ ಪೆಟ್ಟಿಗೆಯ ಹಿಂಬಾಗಿಲನ್ನು ತಾವಾಗಿ ತೆರೆಯಬಾರದು. ಅದರ ಚಿತ್ರನಳಿಕೆಯು ಸ್ವಿಚ್ಚನ್ನು ಆರಿಸಿದ ಮೇಲೆಯೂ ಸಾವಿರಾರು ವೋಲ್ಟನ್ನು ಹಿಡಿದಿಟ್ಟುಕೊಂಡಿರಬಲ್ಲುದು. ಐದು ವೋಲ್ಟಿನ ದಾರಿಯಲ್ಲಿ 5.02 ಎಂದು ಮೀಟರು ತೋರಿಸಿತು. ಪರದೆ ಬೆಳಗಿತು, ಸಂಗೀತ ಕೇಳಿತು. ಆದರೆ ಕೆಂಪು ಬಣ್ಣವೇ ಇಲ್ಲ. “ಅದು ಬೇರೆ ರೋಗ, ಅಜ್ಜಾ” ಎಂದನು ನಮ್ಮವನು. ವೃದ್ಧರು ಡಬ್ಬಿಯೊಂದರಿಂದ ಹಳೆಯ ರೂಪಾಯಿ ನಾಣ್ಯಗಳನ್ನು ಸುರುವಿದರು. ಹೊಸವನ್ನು ಆ ಪೆಟ್ಟಿಗೆ ಒಪ್ಪುವುದಿಲ್ಲವಂತೆ. ಮೊಮ್ಮಗಳು ಕೆಂಪಿನ ಗೊಡವೆಯಿಲ್ಲದೆ ಒಂದು ಗಂಟೆ ಆಡಿದಳು. ಆಮೇಲೆ ನಮ್ಮ ಕೈಗೂ ಒಂದು ನಾಣ್ಯವನ್ನಿತ್ತರು. “ಎಡಕ್ಕೆ, ಗುರುಗಳೇ, ಎಡಕ್ಕೆ!” ಎಂದು ನಮ್ಮ ಶಿಷ್ಯನು ಹಿಂದೆ ನಿಂತು ಕೂಗುತ್ತಿದ್ದಂತೆಯೇ ನಾವು ಬಲಕ್ಕೆ ಹೋಗಿ ಅರ್ಧ ನಿಮಿಷದೊಳಗೆ ಸತ್ತೆವು. ಕೆಂಪು ಬಣ್ಣವನ್ನು ಹುಡುಕುವುದು ಮುಂದಿನ ಭಾನುವಾರಕ್ಕೆಂದು ಗೊತ್ತಾಗಿದೆ; ದೀಪ ಹಿಡಿಯುವ ಕೆಲಸ ನಮ್ಮದೇ.