ಮಂಗ ಸತ್ತಾಗ ಬಂದರು, ಆಳು ಸತ್ತಾಗ?



ಜಗತ್ತಿಗೆ ಸಂಕಟ ಬಂದಾಗ ದೇಶದೇಶಗಳಿಂದ ನೆರವು ಹರಿದು ಬರುತ್ತದೆ ಅಂತ ಪಾಠದಲ್ಲಿ ಓದುತ್ತೇವೆ. ಸುಳ್ಳಲ್ಲ. 2021ರಲ್ಲಿ ಕೊರೋನಾಕ್ಕೆ ಸಿಕ್ಕಿ ಜನ ಉಸಿರಿಲ್ಲದೆ ಸಾಯುವಾಗ ಆಕ್ಸಿಜನ್ ಯಂತ್ರಗಳು ವಿಮಾನದಲ್ಲಿ ಬಂದವು. ಬರಬೇಕಿತ್ತು, ಬಂದವು. ನಮ್ಮ ಪ್ರಶ್ನೆ ಬೇರೆ. ಯಾರ ಸಂಕಟ ಜಗತ್ತಿನ ಸಂಕಟ ಅನ್ನಿಸಿಕೊಳ್ಳುತ್ತದೆ? ಅದನ್ನು ತೀರ್ಮಾನ ಮಾಡೋರು ಯಾರು?

1957ರ ಮಾತು. ಸಿದ್ದಾಪುರದ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಿನ ಹಳ್ಳಿಗಳ ಜನ ಜ್ವರ ಬಂದು ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಆ ಕೇಂದ್ರ 1952ರಲ್ಲಿ ಅಮೆರಿಕಾದ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ ಕಟ್ಟಿದ್ದು. ಮಂಗವೂ ಸಾಯುತ್ತೆ, ಮನುಷ್ಯನೂ ಸಾಯ್ತಾನೆ ಅಂದರೆ ಹಳದಿ ಜ್ವರ ಏಷ್ಯಾಕ್ಕೆ ಕಾಲಿಟ್ಟಿತೇ ಅನ್ನೋ ಅನುಮಾನ ಅವರಿಗೆ. ಅದಲ್ಲ, ಇದು ಹೊಸ ವೈರಸ್, ಉಣುಗು ಕಚ್ಚಿ ಬರುವಂಥದ್ದು ಅಂತ ಪತ್ತೆ ಮಾಡಿದರು. ಒಳ್ಳೆಯ ಕೆಲಸವೇ. ಅವರು ಹುಡುಕದಿದ್ದರೆ ನಾವು ಈಗಲೂ ದೆವ್ವದ ಕಾಟ ಅಂತ ಕೋಳಿ ಕೊಯ್ಯುತ್ತಿದ್ದೆವೇನೋ. ಆದರೆ 1967ರಲ್ಲಿ ಪ್ರತಿಷ್ಠಾನ ಆ ಕೇಂದ್ರದಿಂದ ಕೈ ತೆಗೆಯಿತು. ಉಣುಗು ಕಾಡು ಬಿಟ್ಟು ಹೋಗಲಿಲ್ಲ.

ಕೊರೋನಾಕ್ಕೆ ಒಂದೇ ವರ್ಷದಲ್ಲಿ ಲಸಿಕೆ ಬಂತು. ಯಾಕಂದರೆ ಅದು ವಿಮಾನ ಹತ್ತುವವರಿಗೂ ಬರೋ ಕಾಯಿಲೆ. ಮಂಗನ ಕಾಯಿಲೆ ಬರೋದು ಕಾಡಿಗೆ ಹೋಗುವವರಿಗೆ. ಅದಕ್ಕಿದ್ದ ಹಳೇ ಲಸಿಕೆ ಸರಿಯಾಗಿ ತಡೆಯುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ವೈರಸ್ ಸಿಕ್ಕಿ 65 ವರ್ಷಕ್ಕೆ ನಮ್ಮವರ ಕೈಯಲ್ಲಿ ಉಳಿದದ್ದು ಮೈಗೆ ಹಚ್ಚಿಕೊಳ್ಳೋ ಎಣ್ಣೆ. ಹೊಸ ಲಸಿಕೆಯ ಕೆಲಸ ಆಮೇಲೆ ಶುರುವಾಯಿತು. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಮತ್ತೆ ಸಾವುಗಳಾದವು.

ಹಾಗಂತ ಅಮೆರಿಕಾದವನನ್ನು ಬೈದು ಹಾಸ್ಟೆಲ್ಲಿಗೆ ಹೋಗಿ ಮಲಗಿದರೆ ಆಯಿತೇ? ಸಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ನಡೆದು ಬಂದಿದೆ. ಬೆಟ್ಟದ ಸೊಪ್ಪು ತೋಟದ ಒಡೆಯರಿಗೆ. ಬೆಟ್ಟದ ಉಣುಗು ಯಾರಿಗೆ? ಸೊಪ್ಪು ಕಡಿಯೋ ಆಳಿಗೆ, ದರಕು ಗುಡಿಸೋ ಹೆಂಗಸರಿಗೆ, ಕಟ್ಟಿಗೆ ಹೊರುವವರಿಗೆ. ಸಣ್ಣ ತೋಟದವನೂ ಬೆಟ್ಟಕ್ಕೆ ಹೋಗ್ತಾನೆ, ಅವನಿಗೂ ಕಚ್ಚುತ್ತೆ, ಒಪ್ಪುತ್ತೇವೆ. ಆದರೆ ಅವನು ಜ್ವರದಲ್ಲಿ ಮಲಗಿದರೂ ಅವನ ಅಡಿಕೆ ಹಣ್ಣಾಗುತ್ತಲೇ ಇರುತ್ತೆ. ಆಳಿನ ಕೂಲಿ ಅವತ್ತೇ ನಿಲ್ಲುತ್ತೆ.

ಡಿಸೆಂಬರಿನಿಂದ ಮೇವರೆಗೆ ಈ ಕಾಯಿಲೆಯ ಕಾಲ. ದರಕು ಗುಡಿಸೋ ಕಾಲವೂ ಅದೇ. ಕಾಡಿಗೆ ಹೋಗಬೇಡಿ ಅಂತ ಜೀಪಿನಲ್ಲಿ ಕೂಗಿಕೊಂಡು ಹೋದರೆ ಮುಗೀತೇ? ಹೋಗದಿದ್ದರೆ ಗಂಜಿ ಯಾರು ಹಾಕ್ತಾರೆ?

ನಾವು ಕೇಳೋದು ದಾನವಲ್ಲ. ಹಣ ಹೊರದೇಶದಿಂದ ಬರಲಿ, ಬೆಂಗಳೂರಿನಿಂದ ಬರಲಿ, ಜ್ವರದಲ್ಲಿ ಮಲಗಿದ ಅಷ್ಟೂ ದಿನದ ಕೂಲಿ ಕೊಡಲಿ. ಬೆಟ್ಟಕ್ಕೆ ಆಳು ಕಳಿಸುವ ಒಡೆಯ ಮೊದಲು ಎಣ್ಣೆ ಕೈಗೆ ಕೊಡಲಿ. ಯಾವ ಹಣ ಯಾವುದಕ್ಕೆ ಅಂತ ತೀರ್ಮಾನಿಸುವ ಸಭೆಯಲ್ಲಿ ಡಾಕ್ಟರ ಪಕ್ಕದ ಕುರ್ಚಿಯಲ್ಲಿ ದರಕು ಗುಡಿಸುವ ಹೆಂಗಸೂ ಕೂತಿರಲಿ. ಸಂಕಟ ಯಾವುದು ಅಂತ ಅವಳು ಹೇಳ್ತಾಳೆ.

ರಜೆಗೆ ಊರಿಗೆ ಹೋಗುವವರು ಕೇರಿಯಲ್ಲಿ ಕೇಳಿ ಬರೆದುಕೊಂಡು ಬನ್ನಿ. ಯಾರಿಗೆ ಜ್ವರ ಬಂತು, ಯಾರ ಬೆಟ್ಟಕ್ಕೆ ಹೋಗಿದ್ದರು, ಎಷ್ಟು ದಿನದ ಕೂಲಿ ಹೋಯಿತು, ಎಣ್ಣೆ ಬಾಟಲಿ ಮನೆಗೆ ಬಂದದ್ದು ಯಾವ ತಿಂಗಳು. ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದೋಣ.