ಮುಖ ತೋರಿಸಿ ಬರುವ ಕಛೇರಿ

ರಾಕ್ ಬ್ಯಾಂಡಿನವರು 'ಇದೇ ನಮ್ಮ ಕಡೆಯ ಕಛೇರಿ' ಎಂದರೆ ನಂಬುವುದು ಸ್ವಲ್ಪ ಕಷ್ಟ. ಕಿಸ್ ಬ್ಯಾಂಡ್ 2000ದಲ್ಲಿ ವಿದಾಯದ ಪ್ರವಾಸ ಹೊರಟಿತು. ವೇದಿಕೆ ಬಿಟ್ಟದ್ದು 2023ರ ಡಿಸೆಂಬರಿನಲ್ಲಿ. ಓಝಿ ಆಸ್ಬರ್ನ್ 1992ರಲ್ಲೇ 'ಇನ್ನು ಪ್ರವಾಸ ಇಲ್ಲ' ಎಂದವರು, 1995ಕ್ಕೆ ಮತ್ತೆ ಪ್ರವಾಸ ಹೊರಟರು. ಅವರ ಬ್ಲ್ಯಾಕ್ ಸಬ್ಬಾತ್ ಬ್ಯಾಂಡ್ ಕೂಡ 2017ರಲ್ಲಿ ಒಮ್ಮೆ ಮುಕ್ತಾಯ ಹಾಡಿತ್ತು. ನಮ್ಮ ಪೇಟೆಯ ಬಟ್ಟೆ ಅಂಗಡಿಯಲ್ಲಿ ವರ್ಷಗಟ್ಟಲೆ ನೇತಾಡುವ 'ಅಂಗಡಿ ಖಾಲಿ ಮಾಡುತ್ತಿದ್ದೇವೆ' ಬೋರ್ಡಿನ ಹಾಗೆ!

ಹಾಗಿದ್ದರೂ 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಫುಟ್ಬಾಲ್ ಮೈದಾನಕ್ಕೆ ಸುಮಾರು 40 ಸಾವಿರ ಜನ ಬಂದರು. 1970ರಲ್ಲಿ ಮೊದಲ ಆಲ್ಬಮ್ ಕೊಂಡವರು ಈಗ ಅಜ್ಜಂದಿರು. ಮೊಮ್ಮಕ್ಕಳನ್ನೂ ಕರೆದುಕೊಂಡು ಬಂದಿದ್ದರು. ಅಷ್ಟು ದುಡ್ಡು ಕೊಟ್ಟು ಹೋಗಿ ಕಂಡದ್ದೇನು? ಪಾರ್ಕಿನ್ಸನ್ ಕಾಯಿಲೆಯಿಂದ ನಡೆಯಲಾಗದ 76ರ ಓಝಿ, ಕಪ್ಪು ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತೇ ಹಾಡಿದರು. ಅಮ್ಮನ ಬಳಿಗೆ ಮರಳುವ ಹಾಡಿನಲ್ಲಿ ದನಿ ಒಡೆಯಿತು; ಜನರು ದನಿಗೂಡಿಸಿದರು.

ಇದನ್ನು ನೋಡಿ 'ಪಾಪ, ಈ ಸ್ಥಿತಿಯಲ್ಲಿ ಯಾಕೆ ಹಾಡಬೇಕಿತ್ತು' ಎಂದವರಿದ್ದಾರೆ. 'ಮೊಬೈಲಿನಲ್ಲೇ ಹಳೆಯ ಹಾಡು ಕೇಳಬಹುದಿತ್ತಲ್ಲ' ಎನ್ನುವವರೂ ಇದ್ದಾರೆ. ಒಳ್ಳೆಯ ಸಂಗೀತ ಕೇಳುವುದಷ್ಟೇ ಲೆಕ್ಕವಾದರೆ ಮನೆಯಲ್ಲಿ ಕೂರುವುದೇ ಸರಿ. ಆದರೆ ಹಾಸಿಗೆ ಹಿಡಿದ ಹಿರಿಯರಿದ್ದಾರೆಂದು ತಿಳಿದರೆ ನಮ್ಮ ಮನೆಗಳಲ್ಲಿ ಏನನ್ನುತ್ತಾರೆ? 'ಒಂದ್ಸಲ ಮುಖ ತೋರಿಸಿ ಬರೋಣ' ಅನ್ನುತ್ತಾರೆ. ಅವರು ಮೊದಲಿನಂತೆ ಎದ್ದು ಕಥೆ ಹೇಳಲಿ ಎಂದು ಯಾರೂ ಹೋಗುವುದಿಲ್ಲ. ವಿಲ್ಲಾ ಪಾರ್ಕಿಗೆ ಹೋದವರದ್ದೂ ಅದೇ ಲೆಕ್ಕ ಎಂದು ನನ್ನ ಅಭಿಪ್ರಾಯ.

ಆ ನಾಲ್ವರ ಬಗ್ಗೆ ಸ್ವಲ್ಪ ಹೇಳಬೇಕು. ಟೋನಿ ಐಯೋಮಿ 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು, ಅದೂ ಕೆಲಸದ ಕೊನೆಯ ದಿನ. ಎಡಗೈಯಲ್ಲಿ ಮೀಟುವವರಾದ್ದರಿಂದ ತಂತಿ ಒತ್ತಬೇಕಾದದ್ದು ಅವೇ ಬೆರಳುಗಳು. ಪ್ಲಾಸ್ಟಿಕ್ ಸೋಪಿನ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ನೋವಾಗದಂತೆ ತೆಳು ತಂತಿ ಕಟ್ಟಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಹೆವಿ ಮೆಟಲ್ ಎನ್ನುವ ಆ ಭಾರದ ನಾದ ಬೆಳೆದದ್ದು ಹೀಗೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಮೆಟಾಲಿಕಾ ನಮ್ಮ ಕಡೆಯ ಅನೇಕರಿಗೆ ಗೊತ್ತು; ಅವರೂ ವಿಲ್ಲಾ ಪಾರ್ಕಿನಲ್ಲಿ ಶಿಷ್ಯರಂತೆ ಬಂದು ಸಬ್ಬಾತಿನ ಹಾಡು ನುಡಿಸಿದರು.

ಇಷ್ಟು ಓದುವಾಗ ಮನೆಯಲ್ಲಿ ಯಾರಾದರೂ 'ಅದು ಸೈತಾನನ ಹಾಡಲ್ಲವಾ?' ಎಂದು ಕೇಳಬಹುದು. ಬ್ಯಾಂಡಿನ ಹೆಸರು ಬಂದದ್ದು 1963ರ ಒಂದು ಭಯಾನಕ ಸಿನಿಮಾದಿಂದ. ಹೆಚ್ಚಿನ ಹಾಡುಗಳನ್ನು ಬರೆದ ಗೀಸರ್ ಬಟ್ಲರ್ ಐರಿಷ್ ಕಥೋಲಿಕ ಮನೆಯಲ್ಲಿ ಬೆಳೆದವರು. ಅವರ 'ವಾರ್ ಪಿಗ್ಸ್' ಹಾಡು ಬಡವರ ಮಕ್ಕಳನ್ನು ಯುದ್ಧಕ್ಕೆ ಕಳಿಸಿ ತಾವು ಸುಖವಾಗಿರುವ ದೊಡ್ಡವರ ಮೇಲಿನ ಸಿಟ್ಟು. ಓಝಿ ಸಂತರೇನಲ್ಲ, ಕುಡಿತ, ಮಾದಕವಸ್ತು, 1982ರಲ್ಲಿ ವೇದಿಕೆಯ ಮೇಲೆ ಬಾವಲಿಯ ತಲೆ ಕಚ್ಚಿದ್ದು, ಯಾವುದನ್ನೂ ಮುಚ್ಚಿಡಬೇಕಾಗಿಲ್ಲ. ಆದರೆ ಹಾಡನ್ನು ಕೇಳದೆ ಹೆಸರು ನೋಡಿ ತೀರ್ಪು ಕೊಡುವುದು ನನಗೆ ಒಪ್ಪಿಗೆಯಿಲ್ಲ.

ನನ್ನ ಮಟ್ಟಿಗೆ ಆ ದಿನದ ದೊಡ್ಡ ಸಂಗತಿ ಡ್ರಮ್ಮರ್ ಬಿಲ್ ವಾರ್ಡ್. ಕರಾರಿನ ತಕರಾರಿನಿಂದ ಅವರು 2017ರ ವಿದಾಯಕ್ಕೆ ಬಂದಿರಲಿಲ್ಲ. ಆ ಮುಕ್ತಾಯ ಅಪೂರ್ಣ ಎಂದು ಅಭಿಮಾನಿಗಳಿಗೆ ಅನ್ನಿಸುತ್ತಲೇ ಇತ್ತು. ಈ ಸಲ ಬಂದರು, 77ರ ವಯಸ್ಸಿನಲ್ಲಿ ಅಂಗಿ ಕಳಚಿ ಡ್ರಮ್ ಬಾರಿಸಿದರು. 2005ರ ನಂತರ ನಾಲ್ವರೂ ಒಟ್ಟಿಗೆ ನುಡಿಸಿದ್ದು ಇದೇ ಮೊದಲು. ಓಝಿ ಬೆಳೆದ ಆಸ್ಟನ್ನಿನಲ್ಲೇ ಆ ಮೈದಾನವಿದೆ. ಲಾಭದ ಹಣ ಪಾರ್ಕಿನ್ಸನ್ ಸಂಶೋಧನೆಗೆ, ಮಕ್ಕಳ ಆಸ್ಪತ್ರೆಗೆ, ಗುಣವಾಗದ ಕಾಯಿಲೆಯ ಮಕ್ಕಳ ಆರೈಕೆಗೆ ಎಂದು ಮೊದಲೇ ಹೇಳಿದ್ದರು. ಇಂಥ ವಿದಾಯಕ್ಕೆ ಟಿಕೆಟ್ ಕೊಂಡವರನ್ನು ಹುಚ್ಚರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹದಿನೇಳು ದಿನಗಳ ನಂತರ, ಜುಲೈ 22ರಂದು ಓಝಿ ತೀರಿಕೊಂಡರು. 30ರಂದು ಶವಯಾತ್ರೆ ಬರ್ಮಿಂಗ್‌ಹ್ಯಾಮಿನ ಬ್ರಾಡ್ ಸ್ಟ್ರೀಟಿನಲ್ಲಿ, ಬ್ಯಾಂಡಿನ ಹೆಸರಿಟ್ಟಿರುವ ಸೇತುವೆಯ ಬಳಿ ನಿಂತಿತು. ಸಾವಿರಾರು ಜನ ರಸ್ತೆಯ ಎರಡೂ ಬದಿಗೆ ಕಾದಿದ್ದರು. ಅಂದು ಯಾರಿಗೂ ಟಿಕೆಟ್ ಬೇಕಿರಲಿಲ್ಲ.