ಅತ್ತೆಗೆ ‘ಕೂರಿ ಕೂರಿ’ ಹೇಳೆಡಿ

ಮೊನ್ನೆ ಐವರ್ನಾಡಿನ ಎಂಗಳ ಮನೆಲಿ ಪೂಜೆ ಇತ್ತು. ಬಂದ ನಿಂಗೊ ಎಲ್ಲೋರೂ ಅತ್ತೆಯ ಕಂಡಪ್ಪಗ ಹೇಳಿದ್ದು ಒಂದೇ ಮಾತು, “ಅಯ್ಯೋ, ಎದ್ದದೆಂತಕೆ? ಕೂರಿ ಕೂರಿ.” ಒಬ್ಬಕ್ಕ ಎನ್ನ ಹತ್ತರೆ ಮೆಲ್ಲಂಗೆ, “ಕಣ್ಣು ಕಾಣದ್ದ ಅತ್ತೆಯ ಜಾಲಿಲಿ ನೆಡೆಶುತ್ತೆನ್ನೆ ನೀನು?” ಹೇಳಿಯೂ ಕೇಳಿತ್ತು. ಒಲೆಲಿ ಪಾಯಸ ಇತ್ತು, ಅಂದು ಉತ್ತರ ಕೊಡ್ಲೆ ಪುರುಸೊತ್ತು ಇತ್ತಿಲ್ಲೆ. ಇಂದು ಹೇಳ್ತೆ.

ಗ್ಲುಕೋಮ ಆಗಿ ಅತ್ತೆಯ ಎರಡೂ ಕಣ್ಣು ಹೋಗಿ ನಾಲ್ಕು ವರ್ಷ ಆತು. ಸುರುವಿಂಗೆ ಎಂಗಳೂ ಹಾಂಗೇ ಮಾಡಿದ್ದು. ಜೆಗಿಲಿಲಿ ಒಂದು ಕುರ್ಶಿ; ಕಾಪಿ ಅಲ್ಲಿಗೆ, ಊಟವೂ ಅಲ್ಲಿಗೆ. ಪ್ರೀತಿಲಿಯೇ ಮಾಡಿದ್ದು. ಒಂದು ವರ್ಷ ಅಪ್ಪಗ ಅವಕ್ಕೆ ಸುಮ್ಮನೆ ನಿಂಬಲೂ ಎಡಿಯ, ಓಲಾಡುಗು. ಒಂದು ದಿನ ಮೀವಲೆ ಹೋಪಗ ಬಿದ್ದು ಕೈಯ ಮಣಿಗಂಟು ಮುರುದತ್ತು. ಕಣ್ಣು ಕಾಣದ್ದೆ ಬಿದ್ದದು ಹೇಳಿ ಎಲ್ಲೋರೂ ಹೇಳಿದವು. ಎನಗೆ ಈಗ ಕಾಂಬದು, ಕೂರುಸಿ ಕೂರುಸಿ ಎಂಗಳೇ ಬೀಳುಸಿದ್ದು.

ನಿಂಗಳೇ ಮಾಡಿ ನೋಡಿ. ಗೋಡೆ ಹತ್ತರೆ ಎರಡು ಪಾದ ಜೋಡುಸಿ ನಿಂದು ಕಣ್ಣು ಮುಚ್ಚಿ. ಮೈ ರಜಾ ಓಲಾಡ್ತು. ನಾವು ಬೀಳದ್ದೆ ನಿಂಬಲೆ ಮೂರು ಸಹಾಯ ಇದ್ದು: ಕಣ್ಣು, ಕೆಮಿಯ ಒಳಾಣ ಭಾಗ, ಮತ್ತೆ ಕಾಲಿನ ಅಡಿ, ಗಂಟು, ಮಾಂಸಖಂಡಂಗೊ. ಕಣ್ಣು ಹೋದರೆ ಒಳುದ ಎರಡು ಹೆಚ್ಚು ದುಡಿಯೆಕು. ಕುರ್ಶಿಲೇ ಕೂದರೆ ಅವಕ್ಕೂ ಅಭ್ಯಾಸ ತಪ್ಪುತ್ತು. ಈಗ ಬೆರಳ ತುದಿ ಗೋಡೆಗೆ ಮುಟ್ಟುಸಿ, ಭಾರ ಹಾಕೆಡಿ. ಓಲಾಡುದು ಕಮ್ಮಿ ಆವ್ತು. ಕೋಲಿನ ಉಪಕಾರವೂ ಇದೇ. ಊರುಲೆ ಮಾತ್ರ ಅಲ್ಲ, ನೆಲದ ಸುದ್ದಿ ಕೈಗೆ ತಿಳಿಶಲೆ.

ಬೆಂಗಳೂರಿನ ರಮಣ ಮಹರ್ಷಿ ಅಂಧರ ಅಕಾಡೆಮಿಲಿ ಕಣ್ಣು ಕಾಣದ್ದ ಮಕ್ಕೊ, ಕಲಿಶುವವರ ಕೈಕಾಲು ಮುಟ್ಟಿ ನೋಡಿ ಭರತನಾಟ್ಯ ಕಲಿತ್ತವು. 2012ರಲ್ಲಿ ಬೆಂಗಳೂರಿಲಿ ಅಂಧರ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕ ನಮ್ಮ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ನಮ್ಮ ಹೆಮ್ಮಕ್ಕಳ ತಂಡವೂ ಕೊಲಂಬೊಲ್ಲಿ ವಿಶ್ವಕಪ್ ಗೆದ್ದತ್ತು. ಇವೆಲ್ಲ ಓಡ್ತವು, ಬಗ್ಗುತ್ತವು. “ಅವು ಸಣ್ಣ ಪ್ರಾಯದೋರು, ಅತ್ತೆಗೆ ಎಪ್ಪತ್ತೆರಡು” ಹೇಳುವಿ. ಅಪ್ಪು. ಅತ್ತೆ ಕೊಣಿಯೆಕು ಹೇಳಿ ಆನು ಹೇಳ್ತಿಲ್ಲೆ. ತೊಳಶಿಕಟ್ಟೆವರೆಗೆ ಹೋಗಿ ಬರಳಿ ಹೇಳ್ತೆ, ಅಷ್ಟೆ.

ಕೈ ಗುಣ ಆದಮತ್ತೆ ಫಿಸಿಯೋಥೆರಪಿಯ ಕೂಸು ಹೇಳಿಕೊಟ್ಟ ಹಾಂಗೆ ಸುರು ಮಾಡಿದೆಯೊ°. ಜೆಗಿಲಿಂದ ತೊಳಶಿಕಟ್ಟೆಗೆ ಹಿಡ್ಕೊಂಬಲೆ ಪೈಪು ಹಾಕ್ಸಿದೆಯೊ°. ಜಾಲಿಲಿ ಅಡಕ್ಕೆ ಒಣಗುಲೆ ಹಾಕಿದರೆ ಅಂಚಿಲಿ ದಾರಿ ಬಿಡ್ತೆಯೊ°. ಮಳೆಗಾಲಲ್ಲಿ ಜಾಲು ಜಾರ್ತು, ಅಂಬಗ ಚಾವಡಿಲಿ ಗೋಡೆ ಹಿಡುದು ನೆಡೆತ್ತವು. ಓಲಾಡುದು ಪೂರ ನಿಂದಿದಿಲ್ಲೆ. ಬೀಳುಗೋ ಹೇಳಿ ಹೆದರಿಕೆ ಎನಗೂ ಇದ್ದು. ಆದರೆ ಎರಡು ವರ್ಷಂದ ಬಿದ್ದಿದವಿಲ್ಲೆ. ಹೊತ್ತೋಪಗಾಣ ದೀಪ ಈಗ ಅವ್ವೇ ಮಡುಗುದು.

ಇನ್ನು ಬಂದಿಪ್ಪಗ ಅತ್ತೆಯ ರಟ್ಟೆ ಹಿಡುದು ಎಳೆಯೆಡಿ. ನಿಂಗಳ ಮೊಳಂಗೈ ಕೊಡಿ, ಅವು ಹಿಡ್ಕೊಂಗು; ನಿಂಗೊ ಅರ್ಧ ಹೆಜ್ಜೆ ಮುಂದೆ ನೆಡೆಯಿರಿ. ದಾರಿಲಿ ಕುರ್ಶಿ, ಚೆರಿಗೆ ಮಡುಗೆಡಿ. ಅವು ಎದ್ದರೆ ‘ಕೂರಿ’ ಹೇಳೆಡಿ. “ಎಲ್ಲಿಗೆ ಹೋಪದು? ಆನುದೆ ಬತ್ತೆ” ಹೇಳಿ.